ನಿಮ್ಮ ಹಳೇ ಕಾರಿಗೆ ಸರಿಯಾದ ರೇಡಿಯೋ ಯಾವುದು?

ಪ್ರತಿ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಜಾತ್ರೆಯೇ ಸೇರುತ್ತದೆ. ನನ್ನ 1967ರ ಫೋರ್ಡ್ ಮಸ್ಟ್ಯಾಂಗ್ ಕೂಡ ಅಲ್ಲಿ ನಿಂತಿರುತ್ತದೆ. ಬಂದವರು ಮೊದಲು ಬಾನೆಟ್ ಎತ್ತಿಸಿ 390 ಕ್ಯೂಬಿಕ್ ಇಂಚಿನ ಎಂಜಿನ್ ನೋಡುತ್ತಾರೆ. ಆಮೇಲೆ ಕಿಟಕಿಯಲ್ಲಿ ಬಗ್ಗಿ ಒಳಗೆ ಇಣುಕುತ್ತಾರೆ. ಐದು ಬಟನ್ನಿನ ಎಎಂ ರೇಡಿಯೋ ಹಾಡುತ್ತಿರುವುದು ಕಂಡ ಕೂಡಲೇ ಅದೇ ಪ್ರಶ್ನೆ ಬರುತ್ತದೆ: "ಒರಿಜಿನಲ್ ರೇಡಿಯೋ ಎಲ್ಲಿ ಸಿಕ್ಕಿತು? ನನ್ನ ಕಾರಿಗೂ ಒಂದು ಬೇಕು, ಯಾವುದು ಸರಿ ಅಂತ ಗೊತ್ತಾಗೋದು ಹೇಗೆ?" ಕನ್ನಡ ಕೂಟದ ಗೆಳೆಯರೂ ಕೇಳುತ್ತಾರೆ, ಗುರುತಿಲ್ಲದವರೂ ಕೇಳುತ್ತಾರೆ.

ನಾನು ಹೇಳುವುದು ಇಷ್ಟೇ. ರೇಡಿಯೋ ಹುಡುಕುವ ಮೊದಲು ನಿಮ್ಮ ಕಾರಿನ ಕಾಗದ ಹುಡುಕಿ. ಆ ವರ್ಷದ ಮಸ್ಟ್ಯಾಂಗಿಗೆಲ್ಲ ಒಂದೇ ರೇಡಿಯೋ ಅಂತ ಇರಲಿಲ್ಲ. ಆಗ ರೇಡಿಯೋಗೆ ಬೇರೆ ದುಡ್ಡು ಕೊಡಬೇಕಿತ್ತು. ಒಬ್ಬರು ಎಎಂ ತಗೊಂಡರು, ಇನ್ನೊಬ್ಬರು ಎಎಂ-ಎಫ್‌ಎಂ ತಗೊಂಡರು, ಮತ್ತೊಬ್ಬರು ಯಾವುದೂ ಬೇಡ ಅಂದರು. ನಿಮ್ಮ ಕಾರಿನ ಮೊದಲ ಯಜಮಾನರು ಏನು ಬರೆಸಿದ್ದರು ಅನ್ನುವುದೇ ಮುಖ್ಯ.

ಬಾಗಿಲ ಅಂಚಿನ ತಗಡಿನ ಪಟ್ಟಿಯಲ್ಲಿ ಬಣ್ಣ, ಸೀಟಿನ ಬಟ್ಟೆ, ಗೇರ್‌ಬಾಕ್ಸ್ ಎಲ್ಲ ಇರುತ್ತದೆ. ರೇಡಿಯೋ ಇರುವುದಿಲ್ಲ. ಆದರೆ 1967ರಿಂದ ಈಚಿನ ಫೋರ್ಡ್ ಕಾರುಗಳ ತಯಾರಿಕೆ ದಾಖಲೆ ಉಳಿದಿದೆ. ಕಾರಿನ ಚಾಸಿಸ್ ನಂಬರ್ ಕೊಟ್ಟರೆ ಮಾರ್ಟಿ ರಿಪೋರ್ಟ್ ತರಿಸಿಕೊಳ್ಳಬಹುದು. ಯಾವ ಯಾವ ಆಪ್ಷನ್ ಹಾಕಿ ಕಾರು ಹೊರಬಂತು ಅಂತ ಅದರಲ್ಲಿ ಬರೆದಿರುತ್ತದೆ. ಪಾಂಟಿಯಾಕ್ ಇದ್ದವರಿಗೆ ಪಿಎಚ್‌ಎಸ್ ಅನ್ನುವ ಸಂಸ್ಥೆ ಹಳೇ ಬಿಲ್ಲಿನ ನಕಲು ಕೊಡುತ್ತದೆ. 1970ರ ಡಾಡ್ಜ್, ಪ್ಲಿಮತ್‌ಗಳಲ್ಲಿ ಮಡ್‌ಗಾರ್ಡ್ ಒಳಗಿನ ತಗಡಿನ ಮೇಲೆ ಆರ್11 ಅಂತ ಒತ್ತಿದ್ದರೆ ಎಎಂ ರೇಡಿಯೋ ಅಂತ ಅರ್ಥ. ಕಷ್ಟ ಇರುವುದು ಶೆವರ್ಲೆ ಕಾರುಗಳಲ್ಲಿ. ಅಲ್ಲಿ ಸೀಟಿನ ಸ್ಪ್ರಿಂಗಿನೊಳಗೋ ಪೆಟ್ರೋಲ್ ಟ್ಯಾಂಕಿನ ಮೇಲೋ ಬಿಲ್ಡ್ ಶೀಟ್, ಅಂದರೆ ಕಾರಿಗೆ ಏನೇನು ಹಾಕಬೇಕು ಅಂತ ಫ್ಯಾಕ್ಟರಿಯಲ್ಲಿ ಬರೆದ ಪಟ್ಟಿ, ಅಂಟಿಕೊಂಡು ಉಳಿದಿದೆಯಾ ಅಂತ ಹುಡುಕಬೇಕು.

ಕಾಗದದಲ್ಲಿ ರೇಡಿಯೋನೇ ಇಲ್ಲದಿದ್ದರೆ? ಆಗ ಆ ಜಾಗದ ಖಾಲಿ ಮುಚ್ಚಳವೇ ನಿಮ್ಮ ಕಾರಿನ ಒರಿಜಿನಲ್. ಈ ಮಾತಿಗೆ ತುಂಬಾ ಜನ ಬೇಜಾರಾಗುತ್ತಾರೆ. ಬೇಜಾರು ಯಾಕೆ? ಎಲ್88 ಅನ್ನುವ ಎಂಜಿನ್ ಹಾಕಿದ 1967ರ ಶೆವರ್ಲೆ ಕಾರ್ವೆಟ್ ಬರೀ 20 ತಯಾರಾದವು. ಅದನ್ನು ಕೊಳ್ಳುವವರು ಕೇಳಿದರೂ ರೇಡಿಯೋ ಸಿಗುತ್ತಿರಲಿಲ್ಲ. ಕಾರ್ವೆಟ್‌ನ ಮೈ ಫೈಬರ್‌ಗ್ಲಾಸ್, ಅದು ಎಂಜಿನ್ನಿನ ಕಿಡಿಯ ಗರಗರ ಸದ್ದನ್ನು ತಡೆಯುವುದಿಲ್ಲ. ಹಾಗಾಗಿ ರೇಡಿಯೋ ಇದ್ದ ಕಾರ್ವೆಟ್‌ಗಳಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಸುತ್ತ ಲೋಹದ ಕವಚ ಹಾಕುತ್ತಿದ್ದರು. ಇಂಥ ಕಾರಿಗೆ ಈಗ ರೇಡಿಯೋ ಕೂರಿಸಲು ಡ್ಯಾಶ್‌ಬೋರ್ಡ್ ಕೊಯ್ದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನು ರೇಡಿಯೋ ಗುರುತಿಸುವ ವಿಷಯ. ಇಲ್ಲಿ ನಾನೇ ಒಮ್ಮೆ ದುಡ್ಡು ಕಳೆದುಕೊಂಡಿದ್ದೇನೆ. ಪೆನ್ಸಿಲ್ವೇನಿಯಾದ ಒಂದು ಸಂತೆಯಲ್ಲಿ ಮಾರುವವರು "67ರ ಫೋರ್ಡ್ ರೇಡಿಯೋ, ನಿಮ್ಮ ಕಾರಿಗೆ ಕಣ್ಣುಮುಚ್ಚಿ ಕೂರುತ್ತದೆ" ಅಂದರು. ಮುಖ ಹೊಳೆಯುತ್ತಿತ್ತು, ಬೆಲೆಯೂ ಕಡಿಮೆ ಇತ್ತು. ಮನೆಗೆ ಬಂದು ರೇಡಿಯೋದ ತಗಡಿನ ಡಬ್ಬಿಯ ಮೇಲಿನ ನಂಬರ್ ಓದಿದೆ. 'ಝಡ್' ಇರಬೇಕಾದ ಕಡೆ 'ಓ' ಇತ್ತು. ಅದು ಫೋರ್ಡ್‌ನದೇ ಇನ್ನೊಂದು ಮಾಡೆಲ್, ಫೇರ್‌ಲೇನ್ ಕಾರಿನದು.

ಫೋರ್ಡ್ ನಂಬರ್ ಓದುವುದು ಕಷ್ಟವಲ್ಲ. 1967ರ ಮಸ್ಟ್ಯಾಂಗಿನ ರೇಡಿಯೋ ನಂಬರ್ ಸಿ-7-ಝಡ್-ಎ ಅಂತ ಶುರುವಾಗುತ್ತದೆ, ಆಮೇಲೆ 18805 ಬರುತ್ತದೆ. ಸಿ ಅಂದರೆ ಅರವತ್ತರ ದಶಕ, 7 ಅಂದರೆ 67ನೇ ವರ್ಷ, ಝಡ್ ಅಂದರೆ ಮಸ್ಟ್ಯಾಂಗ್. 18805 ಅಂದರೆ ರೇಡಿಯೋ. ಡಬ್ಬಿಯ ಮೇಲೆ ಯಾವ ಕಂಪನಿಯ ಹೆಸರಿದೆ ಅನ್ನುವುದನ್ನು ನೆಚ್ಚಬೇಡಿ. ಫೋರ್ಡ್ 1961ರಲ್ಲೇ ಫಿಲ್ಕೋ ಕಂಪನಿಯನ್ನು ಕೊಂಡಿತ್ತು. ಆದರೂ ಬೆಂಡಿಕ್ಸ್, ಮೋಟೊರೋಲಾಗಳ ಹತ್ತಿರವೂ ರೇಡಿಯೋ ಮಾಡಿಸುತ್ತಿತ್ತು.

ನಂಬರ್ ಅಳಿಸಿಹೋಗಿದ್ದರೆ ಡಯಲ್ ನೋಡಿ. 640 ಮತ್ತು 1240ರ ಹತ್ತಿರ ಪುಟ್ಟ ತ್ರಿಕೋನ ಇದೆಯಾ? ಅದು ಶೀತಲ ಸಮರದ ಕಾಲದ ಗುರುತು. ದಾಳಿಯಾದರೆ ಜನ ಈ ಎರಡು ಜಾಗಕ್ಕೆ ತಿರುಗಿಸಲಿ ಅಂತ ಅಮೆರಿಕದ ರೇಡಿಯೋಗಳಲ್ಲಿ ಹಾಕುತ್ತಿದ್ದರು. 1963ರಲ್ಲಿ ಆ ವ್ಯವಸ್ಥೆ ನಿಂತಿತು. ಹಾಗಾಗಿ ತ್ರಿಕೋನ ಇರುವ ರೇಡಿಯೋ 67ರ ಕಾರಿನದು ಅಲ್ಲವೇ ಅಲ್ಲ. ಹಾಗೆಯೇ ಎಂಟು ಟ್ರ್ಯಾಕಿನ ಟೇಪ್ ಪ್ಲೇಯರ್. ಫೋರ್ಡ್ ಅದನ್ನು ಕೊಟ್ಟಿದ್ದು 1966ರ ಮಾಡೆಲ್‌ಗಳಿಂದ. 65ರ ಮಸ್ಟ್ಯಾಂಗಿನಲ್ಲಿ ಅದು ಫ್ಯಾಕ್ಟರಿಯದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸರಿಯಾದ ರೇಡಿಯೋ ಸಿಕ್ಕಿತು ಅಂದುಕೊಳ್ಳಿ. ದಯವಿಟ್ಟು ಸ್ಪೀಕರ್ ಜೋಡಿಸದೆ ಸ್ವಿಚ್ ಹಾಕಬೇಡಿ. ಔಟ್‌ಪುಟ್ ಭಾಗವೇ ಹಾಳಾಗಬಹುದು. ಅಂಗಡಿಯಲ್ಲಿ ಸಿಗುವ ಹೊಸ 4 ಓಮ್ ಸ್ಪೀಕರನ್ನೂ ಸುಮ್ನೆ ಸಿಕ್ಕಿಸಬೇಡಿ. ಜನರಲ್ ಮೋಟಾರ್ಸ್‌ನ ಡೆಲ್ಕೋ ರೇಡಿಯೋಗಳು 10 ಓಮ್ ಸ್ಪೀಕರಿಗೆ ಅಂತ ಮಾಡಿದವು. ಓಮ್ ಕಡಿಮೆಯಾದಷ್ಟೂ ಕರೆಂಟ್ ಜಾಸ್ತಿ ಹರಿಯುತ್ತದೆ, ಹಳೇ ಟ್ರಾನ್ಸಿಸ್ಟರ್ ಕಾದು ಸುಟ್ಟುಹೋಗುತ್ತದೆ. ಗೆಳೆಯರೊಬ್ಬರ ಕಮಾರೋದಲ್ಲಿ, ಅದೂ ಜನರಲ್ ಮೋಟಾರ್ಸ್ ಕಾರೇ, ಹೀಗೆಯೇ ಆಯಿತು. ಎರಡು ವರ್ಷ ಹುಡುಕಿ ತಂದ ರೇಡಿಯೋ ಒಂದೇ ಸಂಜೆಯಲ್ಲಿ ಹೋಯಿತು. ಇನ್ನು ಸದ್ದು ಸಣ್ಣಗಿದ್ದು ಹಿಂದೆ ಗುಂಯ್ ಅನ್ನುತ್ತಿದ್ದರೆ ಹೆದರಬೇಡಿ. ಐವತ್ತು ವರ್ಷ ದಾಟಿದ ಕೆಪ್ಯಾಸಿಟರ್ ಒಣಗಿರುತ್ತವೆ. ಬದಲಾಯಿಸಿದರೆ ಎಷ್ಟೋ ಸಲ ದನಿ ವಾಪಸ್ ಬರುತ್ತದೆ.

"ಒಳಗಿನದೆಲ್ಲ ತೆಗೆದು ಬ್ಲೂಟೂತ್ ಹಾಕಿಸಲಾ?" ಅಂತಲೂ ಕೇಳುತ್ತಾರೆ. ಕೆಟ್ಟು ರಿಪೇರಿಯಾಗದ ರೇಡಿಯೋಗೆ ಮಾಡಿಸಿ, ತಪ್ಪಿಲ್ಲ. ಹಾಡುತ್ತಿರುವ ರೇಡಿಯೋದ ಹೊಟ್ಟೆ ಬಗೆಯಬೇಡಿ.

ಕೂರಿಸಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಆಂಟೆನಾಗೆ ಹೊಂದಿಸುವ ಒಂದು ಸಣ್ಣ ಸ್ಕ್ರೂ ಇದೆ. 1400ರ ಆಸುಪಾಸಿನಲ್ಲಿ ಮೆಲ್ಲಗೆ ಕೇಳುವ ಸ್ಟೇಷನ್ ಹಿಡಿದು, ದನಿ ಗಟ್ಟಿಯಾಗುವವರೆಗೆ ಅದನ್ನು ತಿರುಗಿಸಿ. ನಾನು ಹೀಗೆ ಹೊಂದಿಸಿದ ಮೇಲೆ ಮುಳ್ಳನ್ನು ಕೆಳಗೆ 760ಕ್ಕೆ ತಂದೆ. ಅದು ಡೆಟ್ರಾಯಿಟ್‌ನ ಡಬ್ಲ್ಯೂಜೆಆರ್. ಊರಲ್ಲಿ ನಮ್ಮ ಮನೆಯ ರೇಡಿಯೋದ ಗಾಜಿನ ಮೇಲೆ ಅಪ್ಪ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟಿದ್ದರು. ಧಾರವಾಡ ಆಕಾಶವಾಣಿಗೆ, 765ಕ್ಕೆ. ಹೆಚ್ಚುಕಡಿಮೆ ಅದೇ ಜಾಗ. ಮೊದಲ ಬಟನ್ನನ್ನು ಹೊರಗೆಳೆದು ಒಳಗೊತ್ತಿ ಅಲ್ಲಿಗೇ ಕೂರಿಸಿದ್ದೇನೆ.