ಚಿಕ್ಕ ಕೈಗೆ ದಪ್ಪ ನೆಕ್

ನನ್ನ ಕೈ ಚಿಕ್ಕದು. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಗೆ ಅಳೆದರೆ 16.5 ಸೆಂಟಿಮೀಟರ್. 41ನೇ ವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೋದಾಗ ಅಂಗಡಿಯ ಹುಡುಗ ಮೊದಲು ನೋಡಿದ್ದು ನನ್ನ ಕೈಯನ್ನೇ. "ನಿಮಗೆ ತೆಳು ನೆಕ್ಕೇ ಸರಿ ಮೇಡಂ" ಅಂದ. ನೆಕ್ ಅಂದರೆ ಗಿಟಾರ್‌ನಲ್ಲಿ ಎಡಗೈ ಹಿಡಿಯುವ ಉದ್ದನೆಯ ಮರದ ಭಾಗ. ಪರಿಚಯದ ಇಬ್ಬರು ಗಿಟಾರ್ ನುಡಿಸುವವರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು. ಚಿಕ್ಕ ಕೈ, ತೆಳು ನೆಕ್. ಕೇಳಿದರೆ ಸರಿ ಅನ್ನಿಸುವ ಮಾತು ಅಲ್ವಾ? ನಾನೂ ನಂಬಿದೆ.

ತಂದ ಗಿಟಾರ್‌ನ ನೆಕ್ ತೆಳು, ಹಿಂಬದಿ ಚಪ್ಪಟೆ. ಅಂಗಡಿಯಲ್ಲಿ ಐದು ನಿಮಿಷ ಹಿಡಿದಾಗ ಬೆರಳು ಜಾರಿಕೊಂಡು ಓಡಾಡಿತ್ತು. ಮನೆಯಲ್ಲಿ ದಿನಾ ಒಂದು ಗಂಟೆ ನುಡಿಸಲು ಶುರು ಮಾಡಿದೆ. ಮೂರನೇ ವಾರಕ್ಕೆ ಎಡಗೈ ಹೆಬ್ಬೆರಳಿನ ಬುಡದಲ್ಲಿ ನೋವು ಬಂತು. ನುಡಿಸಲು ಕೂತು 20 ನಿಮಿಷಕ್ಕೆ ಶುರುವಾಗುತ್ತಿತ್ತು. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸುವಾಗ, ಒದ್ದೆ ಬಟ್ಟೆ ಹಿಂಡುವಾಗಲೂ ಬರತೊಡಗಿತು. ಡಾಕ್ಟರು ಎರಡು ವಾರ ಗಿಟಾರ್ ಮುಟ್ಟಬೇಡಿ ಅಂದರು. ಮುಟ್ಟಲಿಲ್ಲ. ನೋವು ಹೋಯಿತು. ಮತ್ತೆ ಹಿಡಿದೆ, ಮತ್ತೆ ಬಂತು.

ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ನಾನು ಮೈಸೂರಿನ ಹುಡುಗಿ. ಎಂಟನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ವೀಣೆ ಕಲಿತವಳು. ಆಗ ಈ ಕೈ ಇನ್ನೂ ಚಿಕ್ಕದಿತ್ತು. ಪರೀಕ್ಷೆಯ ಸಮಯದಲ್ಲಿ ದಿನಾ ಮೂರು ಗಂಟೆ ನುಡಿಸಿದ್ದೂ ಇದೆ. ಬೆರಳ ತುದಿ ಉರಿದಿದೆ, ಗೆರೆ ಬಿದ್ದಿದೆ, ಕಾಲು ಜೋಮು ಹಿಡಿದಿದೆ. ಹೆಬ್ಬೆರಳಿನ ಬುಡ ಒಂದು ದಿನವೂ ನೋಯಲಿಲ್ಲ. ವೀಣೆಯ ದಂಡಿಯೋ, ಗಿಟಾರ್‌ನ ಯಾವ ನೆಕ್‌ಗಿಂತಲೂ ಎಷ್ಟೋ ದಪ್ಪ. ಚಿಕ್ಕ ಕೈಗೆ ದಪ್ಪ ಆಗದು ಅನ್ನುವುದಾದರೆ ವೀಣೆಯೇ ನನಗೆ ಮೊದಲು ಆಗಬಾರದಿತ್ತು.

ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲಿ, ಗೆಳತಿಯ ಮನೆಯಲ್ಲಿ. ಅವಳ ಗಂಡನ ಹತ್ತಿರ, ಫೆಂಡರ್ ಅನ್ನುವ ಗಿಟಾರ್ ಕಂಪನಿಯ ಟೆಲಿಕಾಸ್ಟರ್ ಮಾದರಿಯ ಆಕಾರದ ಒಂದು ಹಳೆಯ ಗಿಟಾರ್ ಇತ್ತು. ಗೋಡೆಗೆ ನೇತು ಹಾಕಿದ್ದರು. ಸುಮ್ನೆ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡೆ. ನೆಕ್ ಎಷ್ಟು ದಪ್ಪ ಅಂದರೆ ಇದು ನನ್ನದಲ್ಲ ಅಂತ ಆ ಕ್ಷಣಕ್ಕೇ ಅನ್ನಿಸಿತು. ಆದರೂ ಮಾತಾಡುತ್ತಾ ಮೋಹನ ರಾಗದ ಸ್ವರಗಳನ್ನು ಹುಡುಕುತ್ತಾ ಕೂತೆ. ಕಾಫಿ ಬಂತು, ತಣ್ಣಗಾಯಿತು. ಗಡಿಯಾರ ನೋಡಿದರೆ 50 ನಿಮಿಷ ಕಳೆದಿದೆ. ಹೆಬ್ಬೆರಳು ಸದ್ದಿಲ್ಲದೆ ಇದೆ.

ಊರಿಗೆ ಬಂದು ಭಾವನ ವರ್ಕ್‌ಶಾಪ್‌ನಿಂದ ವರ್ನಿಯರ್ ಕ್ಯಾಲಿಪರ್ ತಂದೆ. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ಫ್ರೆಟ್‌ನ ಮೇಲೆ ಇಡದೆ ಅದರ ಪಕ್ಕದ ಮರದ ಮೇಲೆ ಇಟ್ಟು ಅಳೆದೆ. ಫ್ರೆಟ್ ಅಂದರೆ ವೀಣೆಯ ಮೆಟ್ಟಿಲಿನ ಹಾಗೆ ನೆಕ್ಕಿಗೆ ಅಡ್ಡ ಕೂರಿಸಿದ ಲೋಹದ ಪಟ್ಟಿ. ನನ್ನ ಗಿಟಾರ್ ಮೊದಲನೇ ಫ್ರೆಟ್ ಹತ್ತಿರ 19 ಮಿಲಿಮೀಟರ್, ಹನ್ನೆರಡನೇ ಫ್ರೆಟ್ ಹತ್ತಿರ 21. ಗೆಳತಿಯ ಗಂಡನಿಗೆ ಫೋನ್ ಮಾಡಿ ಅವರದ್ದನ್ನೂ ಅಳೆಸಿದೆ. 23 ಮತ್ತು 25. ಬರೀ 4 ಮಿಲಿಮೀಟರ್ ವ್ಯತ್ಯಾಸ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಕೈಗೆ ಅದು ಬೇರೆಯೇ ಲೋಕ.

ಯಾಕೆ ಹೀಗೆ ಅಂತ ಯೋಚಿಸಿದಾಗ ನನಗೆ ನೆನಪಾದದ್ದು ನೀರಿನ ಬಕೆಟ್. ಬಕೆಟ್‌ನ ತಂತಿಯ ಹಿಡಿಗೆ ಒಂದು ಪ್ಲಾಸ್ಟಿಕ್ ಕೊಳವೆ ಇರುತ್ತದೆ ನೋಡಿ. ಅದು ಒಡೆದು ಹೋದ ಮೇಲೆ ಅದೇ ಬಕೆಟ್, ಅದೇ ನೀರು, ಆದರೆ ನಾಲ್ಕು ಹೆಜ್ಜೆಗೆ ಕೈ ಸೋಲುತ್ತದೆ. ತೆಳುವಾದದ್ದನ್ನು ಹಿಡಿಯಲು ಬೆರಳು ಜಾಸ್ತಿ ಮುಚ್ಚಬೇಕು. ಗಿಟಾರ್‌ನಲ್ಲೂ ಅಷ್ಟೇ. ತೆಳು ನೆಕ್‌ನಲ್ಲಿ ಹೆಬ್ಬೆರಳು ಮತ್ತು ತೋರುಬೆರಳು ಬಹಳ ಹತ್ತಿರ ಬರುತ್ತವೆ. ಬೀಗದ ಕೈ ಹಿಡಿದ ಹಾಗೆ ಚಿವುಟಿ ಹಿಡಿಯುತ್ತೇವೆ. ಆ ಹಿಡಿತದ ಭಾರವೆಲ್ಲ ಹೆಬ್ಬೆರಳ ಬುಡದ ಸ್ನಾಯುವಿನ ಮೇಲೆ ಬೀಳುತ್ತದೆ. ನೆಕ್ ದಪ್ಪ ಇದ್ದರೆ ಕೈ ಅರ್ಧ ತೆರೆದೇ ಇರುತ್ತದೆ, ಅಂಗೈಗೂ ಏನೋ ಒಂದು ಆಸರೆ ಸಿಗುತ್ತದೆ. ವೀಣೆಯ ದಂಡಿಯನ್ನು ಚಿವುಟಿ ಹಿಡಿಯುವ ಮಾತೇ ಇಲ್ಲ. ನನ್ನ ಕೈ ಕಲಿತದ್ದು ಹಾಗೆ. ಅದಕ್ಕೆ ಬೇಕಾದದ್ದು ತುಂಬಿಕೊಳ್ಳುವಂಥ ಮರ.

ಎಲ್ಲರಿಗೂ ದಪ್ಪ ನೆಕ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಕೈಯ ಉದ್ದ ಒಂದನ್ನೇ ನೋಡಿ ಮರದ ದಪ್ಪ ಗೊತ್ತು ಮಾಡಬೇಡಿ ಅಂತ ಮಾತ್ರ ಹೇಳುತ್ತಿದ್ದೇನೆ. ನಿಮ್ಮ ಹೆಬ್ಬೆರಳು ಎಲ್ಲಿ ಕೂರುತ್ತದೆ ಅನ್ನುವುದನ್ನು ನೋಡಿ. ಹೆಬ್ಬೆರಳನ್ನು ನೆಕ್‌ನ ಹಿಂದೆ, ನಡುವಿನಲ್ಲಿ ಒತ್ತಿ ನುಡಿಸುವವರಿಗೆ ಚಪ್ಪಟೆ ತೆಳು ನೆಕ್ ಹಿತವಾಗಬಹುದು. ಅಲ್ಲಿ ಬೆರಳು ದೂರ ದೂರ ಚಾಚಲು ಅನುಕೂಲ. ಹೆಬ್ಬೆರಳನ್ನು ಮೇಲಿನ ಅಂಚಿಗೆ ಕೊಕ್ಕೆಯಂತೆ ಹಾಕಿ ತಂತಿ ಎಳೆಯುವವರಿಗೆ ದುಂಡಾದದ್ದು ಅಥವಾ ಬೆನ್ನಿನಲ್ಲಿ ಸಣ್ಣ ಏಣು ಇರುವುದು ಸರಿಹೋಗುತ್ತದೆ.

ಆಕಾರದ ಹೆಸರುಗಳು ಮೊದಲು ನನಗೆ ಗೊಂದಲ ಮಾಡಿದವು. ಸಿ, ಡಿ, ಯು, ವಿ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಹೇಳುತ್ತಾರೆ. ಸೌತೆಕಾಯಿ ಬಿಲ್ಲೆ ಕೊಯ್ದ ಹಾಗೆ ನೆಕ್ಕನ್ನು ಅಡ್ಡ ಕೊಯ್ದರೆ ಬಿಲ್ಲೆ ಯಾವ ಅಕ್ಷರದಂತೆ ಕಾಣುತ್ತದೋ ಅದೇ ಹೆಸರು. ಸಿ ದುಂಡಗೆ, ಇವತ್ತು ಅಂಗಡಿಯಲ್ಲಿ ಜಾಸ್ತಿ ಸಿಗುವುದು ಅದೇ. ಡಿ ಅಂದರೆ ಬೆನ್ನು ಚಪ್ಪಟೆ. ಯು ಆಳ, ಪಕ್ಕಗಳು ನೆಟ್ಟಗೆ. ವಿ ಬೆನ್ನಿನಲ್ಲಿ ಏಣು. ಆ ಏಣು ಮೊಂಡಾಗಿದ್ದರೆ ಸಾಫ್ಟ್ ವಿ ಅನ್ನುತ್ತಾರೆ. 1988ರಲ್ಲಿ ಫೆಂಡರ್ ಕಂಪನಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೆಸರಿನಲ್ಲಿ ತಂದ ಗಿಟಾರ್, ಸ್ಟ್ರ್ಯಾಟೊಕಾಸ್ಟರ್‌ಗೆ ಇರುವುದು ಈ ಸಾಫ್ಟ್ ವಿ.

ಕ್ಯಾಲಿಪರ್ ಹೇಳದ ಒಂದು ಸಂಗತಿಯೂ ಇದೆ. ನೆಕ್‌ನಲ್ಲಿ ಫ್ರೆಟ್‌ಗಳು ಕೂತಿರುವ ಮುಂಬದಿಯೇ ಫ್ರೆಟ್‌ಬೋರ್ಡ್. ಫ್ರೆಟ್‌ಬೋರ್ಡ್‌ನ ಅಂಚಿನಿಂದ ಬೆನ್ನಿಗೆ ಇಳಿಯುವ ಜಾಗವನ್ನು ಹೆಗಲು ಅನ್ನಬಹುದು. ಎರಡು ನೆಕ್‌ಗಳು 22 ಮಿಲಿಮೀಟರ್ ದಪ್ಪವೇ ಇರಲಿ. ಒಂದರ ಹೆಗಲು ತುಂಬಿದ್ದು, ಇನ್ನೊಂದರದ್ದು ಕೆತ್ತಿ ತೆಗೆದದ್ದಾದರೆ ಕೈಗೆ ಬೇರೆ ಬೇರೆ ದಪ್ಪ ಅನ್ನಿಸುತ್ತವೆ. ಅದಕ್ಕೇ ಬರೀ ಅಂಕಿ ಓದಿ ಕೊಳ್ಳಬೇಡಿ. ನನಗೆ ದಪ್ಪ ಬೇಕು, ಆದರೆ ಹೆಗಲು ತೀರಾ ತುಂಬಿದ್ದರೆ ಕಿರುಬೆರಳು ಎಲ್ಲಕ್ಕಿಂತ ದಪ್ಪದ ಆರನೇ ತಂತಿಗೆ ತಲುಪಲು ಒದ್ದಾಡುತ್ತದೆ. ಇದು ಎರಡು ವಾರ ಒಂದು ಯು ಆಕಾರದ ಗಿಟಾರ್ ಎರವಲು ತಂದು ನುಡಿಸಿದ ಮೇಲೆ ಗೊತ್ತಾಯಿತು.

ಇನ್ನೊಂದು ಅಕ್ಷರ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. 1960ರ ದಶಕದ ಫೆಂಡರ್ ನೆಕ್‌ಗಳ ಬುಡದಲ್ಲಿ ಎ, ಬಿ, ಸಿ, ಡಿ ಅಂತ ಒಂದು ಮುದ್ರೆ ಇರುತ್ತದೆ. ಅದು ಆಕಾರವಲ್ಲ. ನಟ್ ಹತ್ತಿರದ ಅಗಲ. ನಟ್ ಅಂದರೆ ನೆಕ್‌ನ ತಲೆಯ ಕಡೆ ತಂತಿಗಳು ಕೂರುವ ಸಣ್ಣ ಪಟ್ಟಿ. ಎ ಅಂದರೆ ಒಂದೂವರೆ ಇಂಚು, ಬಿ 1.625, ಸಿ 1.75, ಡಿ 1.875. ಸಾಮಾನ್ಯವಾಗಿ ಕಾಣುವುದು ಬಿ. ಹಳೆಯ ಗಿಟಾರ್ ಮಾರುವವರು ಈ ಮುದ್ರೆಯನ್ನೇ ಆಕಾರ ಅಂದುಕೊಂಡು ಬರೆದುಬಿಡುತ್ತಾರೆ. ನಾನೂ ಒಂದು ಸಲ ಹಾಗೆ ನಂಬಿ ಬೆಂಗಳೂರಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದೆ.

ಹಳೆಯ ಗಿಟಾರ್‌ಗಳ ಕಥೆ ಓದಿದಷ್ಟೂ ನನಗೆ ಸಮಾಧಾನ ಸಿಕ್ಕಿತು. ಫೆಂಡರ್ ಕಂಪನಿಯ 1950ರ ದಶಕದ ಮೊದಲ ಟೆಲಿಕಾಸ್ಟರ್‌ಗಳ ನೆಕ್ ದಪ್ಪ. ದಶಕದ ನಡುವಿಗೆ ವಿ ಆಕಾರ ಬಂತು. ಕೊನೆಗೆ ತೆಳುವಾಯಿತು. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರ್ ಕೂಡ 1959ರಲ್ಲಿ ದಪ್ಪ, 1960ರಲ್ಲಿ ತೆಳು. ಇಂದಿಗೂ ಜನ "ಐವತ್ತೊಂಬತ್ತರ ನೆಕ್", "ಅರವತ್ತರ ನೆಕ್" ಅಂತ ವರ್ಷದ ಹೆಸರಿನಲ್ಲೇ ಮಾತಾಡುತ್ತಾರೆ. ಆಗ ಕೊನೆಯ ತಿದ್ದುವಿಕೆಯೆಲ್ಲ ಕೈಕೆಲಸ. ಹಾಗಾಗಿ ಒಂದೇ ವರ್ಷದ ಎರಡು ಗಿಟಾರ್ ಕೂಡ ಒಂದೇ ಥರ ಇರುತ್ತಿರಲಿಲ್ಲ. ಕಾಲದಿಂದ ಕಾಲಕ್ಕೆ ದಪ್ಪವೂ ತೆಳುವೂ ಬಂದು ಹೋಗಿವೆ. ಯಾವುದೋ ಒಂದನ್ನು ಹಿಡಿದು ಇದೇ ಸರಿ ಅನ್ನಲು ಅಲ್ಲಿ ಆಧಾರ ಕಾಣಲಿಲ್ಲ.

ನೆಕ್‌ನ ಮೇಲೆ ತಪ್ಪು ಹೊರಿಸುವ ಮುಂಚೆ ಒಂದು ಕೆಲಸ ಮಾಡಿ. ದಯವಿಟ್ಟು ಗಿಟಾರ್ ಸೆಟಪ್ ಮಾಡಿಸಿ. ನಾನು ಇದನ್ನು ತಡವಾಗಿ ಮಾಡಿಸಿದೆ. ರಿಪೇರಿಯವರು ನನ್ನ ತೆಳು ನೆಕ್ಕಿನ ಗಿಟಾರ್ ನೋಡಿದ ತಕ್ಷಣ, "ಮೇಡಂ, ಇದರ ನಟ್ ಎತ್ತರ ಇದೆ. ಎಫ್ ಕಾರ್ಡ್ ಹಿಡಿಯೋಕೆ ಕಷ್ಟ ಆಗ್ತಿರಬೇಕಲ್ಲ?" ಅಂದರು. ನಿಜ, ಅದೇ ನನ್ನನ್ನು ಅಳಿಸುತ್ತಿದ್ದ ಕಾರ್ಡ್. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ನಟ್‌ನ ಕಚ್ಚುಗಳ ಆಳ ಸಾಲದೆ ಇದ್ದರೆ ಮೊದಲ ಫ್ರೆಟ್‌ನಲ್ಲಿ ತಂತಿ ಒತ್ತಲು ಎರಡು ಪಟ್ಟು ಬಲ ಬೇಕು ಅನ್ನಿಸುತ್ತದೆ. ಅವರು ಅದನ್ನು ಅರದಿಂದ ಉಜ್ಜಿ ತಗ್ಗಿಸಿದರು. ನೆಕ್‌ನೊಳಗಿನ ಟ್ರಸ್ ರಾಡ್ ಅನ್ನುವ ಲೋಹದ ಸರಳನ್ನು ಸ್ವಲ್ಪ ತಿರುಗಿಸಿ ನೆಕ್‌ನ ಬಾಗು ಸರಿ ಮಾಡಿದರು. ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿಯ ಎತ್ತರ 2 ಮಿಲಿಮೀಟರ್‌ಗೆ ಬಂತು. ನನ್ನ ನೋವು ಅರ್ಧ ಕಡಿಮೆಯಾಯಿತು. ಉಳಿದರ್ಧ ಮಾತ್ರ ನೆಕ್‌ನ ಆಕಾರದ್ದು. ಆದರೆ ಆ ಅರ್ಧ ಹೋಗಲೇ ಇಲ್ಲ.

ಗಮಕದ ವಿಷಯಕ್ಕೆ ಬರುತ್ತೇನೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ವೀಣೆಯಲ್ಲಿ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಮುಂದಿನ ಸ್ವರಗಳನ್ನು ತರುತ್ತೇವೆ. ಗಿಟಾರ್‌ನವರು ಇದನ್ನು ಬೆಂಡ್ ಅನ್ನುತ್ತಾರೆ. ಇಲ್ಲಿ ಬೆನ್ನಿನ ಆಕಾರದ ಜೊತೆ ಮುಖದ ಉಬ್ಬೂ ಲೆಕ್ಕಕ್ಕೆ ಬರುತ್ತದೆ. ಫ್ರೆಟ್‌ಬೋರ್ಡ್ ಸಮತಟ್ಟಾಗಿರುವುದಿಲ್ಲ, ಸ್ವಲ್ಪ ಬಾಗಿರುತ್ತದೆ. ಆ ಬಾಗನ್ನು ರೇಡಿಯಸ್ ಅನ್ನುತ್ತಾರೆ. ಹಳೆಯ ಫೆಂಡರ್‌ಗಳಲ್ಲಿ 7.25 ಇಂಚು, ಹೊಸವುಗಳಲ್ಲಿ ಹೆಚ್ಚಾಗಿ 9.5, ಗಿಬ್ಸನ್‌ನಲ್ಲಿ 12. ಅಂಕಿ ಚಿಕ್ಕದಾದಷ್ಟೂ ಉಬ್ಬು ಜಾಸ್ತಿ. 7.25ರಲ್ಲಿ ಕಾರ್ಡ್ ಹಿಡಿಯುವುದು ಬಹಳ ಹಿತ, ಬೆರಳು ತಾನಾಗಿಯೇ ಮಲಗುತ್ತದೆ. ಆದರೆ ತಂತಿಯ ಎತ್ತರ ತಗ್ಗಿಸಿಕೊಂಡು ತೆಳು ತಂತಿಯನ್ನು ಜೋರಾಗಿ ಎಳೆದರೆ ಅದು ಉಬ್ಬಿನ ನೆತ್ತಿ ದಾಟುವಾಗ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಸತ್ತುಹೋಗುತ್ತದೆ. ಗಾಂಧಾರವನ್ನು ತೂಗಿ ನಿಲ್ಲಿಸಬೇಕಾದ ಕಡೆ ಸ್ವರ ಸತ್ತರೆ ರಾಗವೇ ಸತ್ತ ಹಾಗೆ. ಅದಕ್ಕೆ ನಾನು 9.5ಕ್ಕಿಂತ ಕೆಳಗೆ ಹೋಗುವುದಿಲ್ಲ ಅಂತ ತೀರ್ಮಾನಿಸಿದೆ.

ಎಳೆಯುವಾಗ ಹೆಬ್ಬೆರಳು ಮೇಲಿನ ಅಂಚಿಗೆ ಬಂದು ನಿಲ್ಲುತ್ತದೆ, ಬೆರಳ ಬದಲು ಮುಂಗೈ ತಿರುಗುತ್ತದೆ. ದುಂಡು ನೆಕ್‌ನಲ್ಲಿ ಆ ತಿರುವು ಸರಾಗ. ಚಪ್ಪಟೆ ಬೆನ್ನಿನ ನೆಕ್‌ನಲ್ಲಿ ನನ್ನ ಕೈ ಎರಡು ಕಡೆ ತಡೆಯುತ್ತಿತ್ತು.

ಬಣ್ಣದ ಹೊಳಪಿನ ಬಗ್ಗೆ ಒಂದೇ ಮಾತು. ಬೆವರುವ ಕೈಯವರಿಗೆ, ಮಂಗಳೂರು, ಉಡುಪಿ ಕಡೆಯವರಿಗೆ, ಹೊಳಪಿನ ನೆಕ್ ಅಂಟುತ್ತದೆ. ಮಂದ ಹೊಳಪಿನ ಸ್ಯಾಟಿನ್ ನೋಡಿ. ಇರುವುದನ್ನೇ ಮಂದ ಮಾಡಬೇಕಾದರೆ ಹೊಸ ಹಸಿರು ಸ್ಕ್ರಬ್ಬರ್‌ನಿಂದ ಬೆನ್ನನ್ನು ಮೆಲ್ಲಗೆ ಉದ್ದುದ್ದ ಉಜ್ಜಿದರೆ ಸಾಕು. ಸ್ಟೀಲ್ ವುಲ್ ಬೇಡ. ಅದರ ಪುಡಿ ತಂತಿಯ ಕಂಪನ ಹಿಡಿಯುವ ಪಿಕಪ್‌ನ ಆಯಸ್ಕಾಂತಕ್ಕೆ ಹಿಡಿದುಕೊಳ್ಳುತ್ತದೆ.

ಅಂಗಡಿಗೆ ಹೋದರೆ ನಾಚಿಕೊಳ್ಳದೆ ಅರ್ಧ ಗಂಟೆ ತೆಗೆದುಕೊಳ್ಳಿ. ಐದು ನಿಮಿಷಕ್ಕೆ ತೆಳು ನೆಕ್ ಯಾವಾಗಲೂ ಗೆಲ್ಲುತ್ತದೆ. ಕೂತು ನುಡಿಸಿ, ಆಮೇಲೆ ಬೆಲ್ಟ್ ಹಾಕಿ ನಿಂತು ನುಡಿಸಿ. ನಿಂತಾಗ ಮಣಿಕಟ್ಟಿನ ಕೋನ ಪೂರ್ತಿ ಬದಲಾಗುತ್ತದೆ. ಮೊದಲ ಫ್ರೆಟ್‌ನಲ್ಲಿ ಬಾರ್ ಕಾರ್ಡ್ (ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸುವುದು) ಹಿಡಿದು ಒಂದು ಹಾಡಿನಷ್ಟು ಹೊತ್ತು ಇರಿ. ಹನ್ನೆರಡನೇ ಫ್ರೆಟ್‌ನಲ್ಲಿ ತಂತಿ ಎಳೆಯಿರಿ. ಆಮೇಲೆ ಗಿಟಾರ್ ಕೆಳಗಿಟ್ಟು ಮುಷ್ಟಿ ಬಿಗಿದು ಬಿಚ್ಚಿ ನೋಡಿ. ಕೈ ಏನು ಹೇಳುತ್ತದೋ ಅದನ್ನು ಕೇಳಿ. ಜೋಮು ಅಥವಾ ನೋವು ವಾರಗಟ್ಟಲೆ ಇದ್ದರೆ ಮಾತ್ರ ಗಿಟಾರ್ ಬದಲಿಸುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಏಳು ತಿಂಗಳು ಹುಡುಕಿದ ಮೇಲೆ ನನಗೆ ಒಂದು ಸಿಕ್ಕಿತು. ಸೆಕೆಂಡ್ ಹ್ಯಾಂಡ್, ಟೆಲಿಕಾಸ್ಟರ್ ಆಕಾರದ್ದು. ಮೇಪಲ್ ನೆಕ್, ದಪ್ಪ ಸಿ, ಹೆಗಲು ಹದವಾಗಿ ಇಳಿದದ್ದು. ಮೊದಲ ಫ್ರೆಟ್‌ನಲ್ಲಿ 22.5 ಮಿಲಿಮೀಟರ್, ಹನ್ನೆರಡರಲ್ಲಿ 24.5. ರೇಡಿಯಸ್ 9.5. ನಟ್ 42 ಮಿಲಿಮೀಟರ್ ಅಗಲ. ಮಾರಿದವರು ಎರಡು ಸಲ ಕೇಳಿದರು, ನೆಕ್ ದಪ್ಪ ಅಲ್ವಾ ಮೇಡಂ, ನಿಮಗೆ ಆಗುತ್ತಾ ಅಂತ. ಈಗ ಒಂದು ವರ್ಷ ಎರಡು ತಿಂಗಳಾಯಿತು. ರಾತ್ರಿ ಊಟ ಆದ ಮೇಲೆ ಒಂದೂವರೆ ಗಂಟೆ ನುಡಿಸುತ್ತೇನೆ. ಬೆಳಿಗ್ಗೆ ಒದ್ದೆ ಬಟ್ಟೆ ಹಿಂಡುತ್ತೇನೆ.

ತೆಳು ನೆಕ್ಕಿನ ಗಿಟಾರ್ ತಂಗಿಯ ಮಗನಿಗೆ ಕೊಟ್ಟೆ. ಹತ್ತೊಂಬತ್ತು ವರ್ಷದ ಹುಡುಗ, ಹೆಬ್ಬೆರಳು ನೆಕ್‌ನ ನಡುಬೆನ್ನು ಬಿಟ್ಟು ಅಲ್ಲಾಡುವುದಿಲ್ಲ, ಬೆರಳುಗಳು ಮಳೆ ಹನಿಯ ಹಾಗೆ ಬೀಳುತ್ತವೆ. ಅವನಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಹೋದ ಭಾನುವಾರ ಮನೆಗೆ ಬಂದಿದ್ದ. ನನ್ನದನ್ನು ಎರಡು ನಿಮಿಷ ನುಡಿಸಿ ವಾಪಸ್ ಕೊಟ್ಟ. "ದೊಡ್ಡಮ್ಮ, ಇದು ಒನಕೆ ಹಿಡಿದ ಹಾಗಿದೆ, ಹೇಗೆ ನುಡಿಸ್ತೀಯ?" ಅಂದ. ಕೈ ಚಾಚು ಅಂದೆ. ಅವನ ಅಂಗೈಗೆ ನನ್ನ ಅಂಗೈ ಹೊಂದಿಸಿ ಹಿಡಿದೆ. ಅವನ ಬೆರಳುಗಳು ನನ್ನ ಬೆರಳುಗಳಿಗಿಂತ ಒಂದು ಗೆಣ್ಣು ಮೇಲಕ್ಕೆ ಇದ್ದವು.