ಎರಡು ಮುಷ್ಟಿ ಮೈಲುತುತ್ತು

"ಅಡಿಕೆಗೆ ಬಿಡುವ ಮೈಲುತುತ್ತು ಇದೆಯಲ್ಲ, ಅದನ್ನೇ ಎರಡು ಮುಷ್ಟಿ ಬಿಸಾಡಿದ್ರೆ ಆಯ್ತು ಮಾರಾಯ್ತಿ" ಎಂದರು ದೊಡ್ಡಪ್ಪ. ಕಾರ್ಕಳದ ಅವರ ತೋಟದ ಕೆರೆಯಲ್ಲಿ ಬೇಸಿಗೆ ಬಂತೆಂದರೆ ಹೈಡ್ರಿಲ್ಲಾ ಎಂಬ ನೀರುಕಳೆ ತಳದಿಂದ ಮೇಲಿನವರೆಗೂ ತುಂಬಿ, ಪಂಪಿನ ಫುಟ್‌ವಾಲ್ವಿಗೆ ಸುತ್ತಿಕೊಳ್ಳುತ್ತದೆ. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ, ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್, ನೀರೊಳಗಿನ ಕಳೆಗೆ ತಾಮ್ರ ಹಳೇ ಮದ್ದೇ. ಆದರೆ ಅಡಿಕೆಯ ಕೊಳೆರೋಗಕ್ಕೆ ಬಿಡುವಾಗ ಸುಣ್ಣ ಬೆರೆಸುತ್ತೇವೆ, ಕೆರೆಗೆ ಬಿಸಾಡಿದರೆ ಬರೀ ತಾಮ್ರ. ಮೊದಲು ಟಬ್ಬಿನಲ್ಲಿ ನೋಡುವ ಎಂದೆ. ಸಸ್ಯಶಾಸ್ತ್ರ ಪಾಠ ಮಾಡುವವಳಿಗೆ ಇದೊಂದು ಚಟ.

ಜಗಲಿಯಲ್ಲಿ ಟಬ್ಬುಗಳ ಸಾಲು. ಎಲ್ಲದರಲ್ಲೂ ಕೆರೆಯದೇ ಕೆಸರು, ಕೆರೆಯದೇ ನೀರು, ಗೇಣುದ್ದದ ಬಳ್ಳಿ, ಜೊತೆಗೆ ಗಪ್ಪಿ ಮೀನು. ಒಂದಕ್ಕೆ ಏನೂ ಹಾಕಲಿಲ್ಲ. ಇಲ್ಲದಿದ್ದರೆ ಗಿಡ ಮದ್ದಿಗೆ ಸತ್ತಿತೋ ಬಿಸಿಲಿಗೆ ಸತ್ತಿತೋ ಗೊತ್ತಾಗುವುದು ಹೇಗೆ? ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಎಂದರೆ 1 ಪಿಪಿಎಂ. ಮೈಲುತುತ್ತಿನ ತೂಕದಲ್ಲಿ ತಾಮ್ರ ಕಾಲು ಭಾಗವಷ್ಟೇ. ಹಾಗಾಗಿ 20 ಲೀಟರ್ ಟಬ್ಬಿನಲ್ಲಿ ತಾಮ್ರ 1 ಪಿಪಿಎಂ ಆಗಲು 80 ಮಿಲಿಗ್ರಾಂ ಸಾಕು. ಮುಷ್ಟಿಯ ಮಾತು ಅಲ್ಲಿಗೇ ಬಿತ್ತು.

ಬಿಸಿಲೇರಿದಾಗ ಹೈಡ್ರಿಲ್ಲಾ ಮುರಿದ ತುದಿಯಿಂದ ಸೂಜಿಮೊನೆಯಷ್ಟು ಆಮ್ಲಜನಕದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತವೆ. ಮದ್ದು ಹೆಚ್ಚು ಬಿದ್ದ ಟಬ್ಬುಗಳಲ್ಲಿ ಮಾರನೇ ದಿನ ಗುಳ್ಳೆ ನಿಂತಿತ್ತು, ಎಲೆ ಇನ್ನೂ ಹಸಿರೇ. ಗಪ್ಪಿಗಳು ಅಷ್ಟು ಕಾಯಲಿಲ್ಲ. ಹಾಕಿದ ದಿನ ಸಂಜೆಗೇ ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಬೆಳಗಾಗುವಾಗ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡಪ್ಪ ಒಂದನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದರು, ಮಾತಾಡಲಿಲ್ಲ.

ಇದರಲ್ಲಿ ನಮ್ಮ ನೀರಿನ ಪಾಲೂ ಇದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರಿನಲ್ಲಿ ಸುಣ್ಣದಂಶ ಕಡಿಮೆ, ಅಂಥ ನೀರಿನಲ್ಲಿ ತಾಮ್ರ ಮೀನಿಗೆ ಇನ್ನೂ ಹೆಚ್ಚು ವಿಷ. ಕ್ಷಾರತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಲೀಟರಿಗೆ 50 ಮಿಲಿಗ್ರಾಂಗಿಂತ ಕೆಳಗಿದ್ದರೆ ಮೈಲುತುತ್ತು ಮುಟ್ಟಬೇಡಿ ಎನ್ನುತ್ತಾರೆ ಮೀನು ಸಾಕುವವರು. ಕಾಲೇಜಿನ ಲ್ಯಾಬಿನಲ್ಲಿ ನೋಡಿದರೆ ಈ ಕೆರೆಯದ್ದು 30 ಕೂಡ ದಾಟಲಿಲ್ಲ.

ಬೇರೆ ಮದ್ದೇ ಇಲ್ಲವೆಂದಲ್ಲ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ದಾರಿಯಲ್ಲಿ ಫ್ಲಾರಿಡಾ ಸೇರಿದ ಹೈಡ್ರಿಲ್ಲಾಕ್ಕೆ ಅಲ್ಲಿ ಫ್ಲುರಿಡೋನ್ ಎಂಬ ಕಳೆನಾಶಕ ಬಳಸಿದರು. ಅದು ತಾಗಿದರೆ ಹೊಸ ಚಿಗುರು ಬಿಳಚಿಕೊಂಡು ಸಾಯುತ್ತದೆ, ಆದರೆ ಮದ್ದು ವಾರಗಟ್ಟಲೆ ನೀರಿನಲ್ಲಿ ನಿಲ್ಲಬೇಕು. ವರ್ಷಗಟ್ಟಲೆ ಬಳಸಿದ ಮೇಲೆ ಅದಕ್ಕೂ ಬಗ್ಗದ ಹೈಡ್ರಿಲ್ಲಾ ಅಲ್ಲಿ ಹುಟ್ಟಿಕೊಂಡಿತು.

ಕೊನೆಗೆ, ಬಳ್ಳಿ ಕಂದುಬಣ್ಣಕ್ಕೆ ತಿರುಗಿ ಕರಗಿಹೋಗಿದ್ದ ಟಬ್ಬಿನ ಕೆಸರನ್ನು ಜರಡಿ ಹಿಡಿದೆ. ಬಟಾಣಿ ಗಾತ್ರದ ಗಡ್ಡೆಗಳು ಸಿಕ್ಕಿದವು. ಉಗುರಲ್ಲಿ ಸೀಳಿದರೆ ಒಳಗೆ ಬೆಳ್ಳಗೆ, ಗಟ್ಟಿ. ಇವು ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ.

ದೊಡ್ಡಪ್ಪ ಆಳುಗಳಿಂದ ಬಳ್ಳಿ ಎಳೆಸಿ ಅಡಿಕೆ ಬುಡಕ್ಕೆ ಹಾಕಿಸಿದರು. ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನು ಬಿಟ್ಟರೆ ಮತ್ತೆ ಚಿಗುರಿದ್ದನ್ನು ತಿನ್ನುತ್ತದೆ, ಆದರೆ ಮಳೆಗಾಲದಲ್ಲಿ ನೀರು ಹೊರಗೆ ಹೋಗುವಲ್ಲಿ ಬಲೆ ಕಟ್ಟಬೇಕು ಎಂದೆ.

"ಪುಳಿಮುಂಚಿ ಸಾರಿಗೆ ಆಗ್ತದಾ ಅದು?"

"ಆಗ್ತದೆ ದೊಡ್ಡಪ್ಪ. ಮುಳ್ಳು ಜಾಸ್ತಿ."