ಕಾರಿನ ಮೂತಿಯಲ್ಲೊಂದು ಪ್ಲಗ್

ಇಲ್ಲಿ, ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ, ಕಾರುಗಳ ಮೂತಿಯಿಂದ ಒಂದು ಗೇಣು ವಯರ್ ಇಣುಕುತ್ತಿರುತ್ತದೆ. ಫೋಟೊ ನೋಡಿದ ಊರಿನವರು ಎಲೆಕ್ಟ್ರಿಕ್ ಕಾರೇ ಎಂದು ಕೇಳುತ್ತಾರೆ. ಅಪ್ಪಟ ಪೆಟ್ರೋಲ್ ಕಾರು. ಆ ವಯರಿನ ಒಳತುದಿಯಲ್ಲಿರುವುದು ಬ್ಲಾಕ್ ಹೀಟರ್.

ಎಂಜಿನ್ ಬ್ಲಾಕಿನೊಳಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ತುಂಬಿದ ಜಾಗದಲ್ಲಿ ಕೂರಿಸಿದ ಪುಟ್ಟ ಕಾಯಿಲ್ ಅದು. ಸಾಮಾನ್ಯವಾಗಿ 400ರಿಂದ 1000 ವಾಟ್. ಕಾದ ಕೂಲೆಂಟ್ ಹಗುರಾಗಿ ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿದು ಕಾಯಿಲ್ ಹತ್ತಿರ ಬರುತ್ತದೆ. ಪಂಪ್ ತಿರುಗದಿದ್ದರೂ ಶಾಖ ಸಿಲಿಂಡರ್ ಗೋಡೆಗೆ ಮುಟ್ಟುತ್ತದೆ. ಉತ್ತರ ಡಕೋಟಾದ ಆಂಡ್ರ್ಯೂ ಫ್ರೀಮನ್ 1949ರಲ್ಲಿ ಪೇಟೆಂಟ್ ಪಡೆದ ಹೆಡ್‌ಬೋಲ್ಟ್ ಹೀಟರ್ ಇದರ ಪೂರ್ವಜ.

ಮೈನಸ್ 40ರಲ್ಲಿ ಗಾಡಿ ಸ್ಟಾರ್ಟ್ ಆಗಲಿ ಎಂದೇ ಎಲ್ಲರೂ ಇದನ್ನು ಹಾಕಿಸುವುದು. ನನಗೆ ಮಾತ್ರ ಇದರ ದೊಡ್ಡ ಉಪಕಾರ ಗಾಳಿಗೆ ಆಗುತ್ತದೆ ಅನ್ನಿಸುತ್ತದೆ. ಪೆಟ್ರೋಲ್ ಆವಿಯಾದರೆ ಮಾತ್ರ ಸರಿಯಾಗಿ ಉರಿಯುತ್ತದೆ. ಮರಗಟ್ಟಿದ ಲೋಹಕ್ಕೆ ತಗುಲಿದ ಪೆಟ್ರೋಲ್ ದ್ರವವಾಗಿಯೇ ಅಂಟಿಕೊಳ್ಳುತ್ತದೆ. ಆ ಕೊರತೆ ತುಂಬಲು ಎಂಜಿನ್ನಿನ ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಆಮ್ಲಜನಕ ಸಾಲದೆ ಅದು ಅರೆಬರೆ ಉರಿದು, ಕಾರ್ಬನ್ ಮೊನಾಕ್ಸೈಡೂ ಉರಿಯದ ಹೈಡ್ರೋಕಾರ್ಬನ್ನೂ ಹೊರಬೀಳುತ್ತವೆ. ಇದನ್ನೆಲ್ಲ ಶುದ್ಧಿಮಾಡಬೇಕಾದ ಕೆಟಲಿಟಿಕ್ ಕನ್ವರ್ಟರ್ ಸುಮಾರು 250-300 ಡಿಗ್ರಿ ಸೆಲ್ಸಿಯಸ್‌ಗೆ ಕಾಯುವವರೆಗೂ ಹೆಚ್ಚುಕಡಿಮೆ ನಿಷ್ಕ್ರಿಯ. ಹೀಗಾಗಿ ಒಂದು ಸಣ್ಣ ಪ್ರಯಾಣದ ವಿಷದಲ್ಲಿ ಬಹುಪಾಲು ಮೊದಲ ಕೆಲವೇ ನಿಮಿಷಗಳದ್ದು. ಲೋಹ ಮೊದಲೇ ಬೆಚ್ಚಗಿದ್ದರೆ ಆ ನಿಮಿಷಗಳೇ ಮೊಟಕಾಗುತ್ತವೆ.

ಫೇರ್‌ಬ್ಯಾಂಕ್ಸ್‌ಗೆ ಇದು ಜೀವದ ಪ್ರಶ್ನೆ. ಮೂರು ಕಡೆ ಗುಡ್ಡ, ನಡುವೆ ತಗ್ಗು. ಚಳಿಗಾಲದಲ್ಲಿ ನೆಲದ ಮೇಲಿನ ತಣ್ಣನೆ ಗಾಳಿಗೆ ಮೇಲಿನ ಬೆಚ್ಚನೆ ಪದರ ಮುಚ್ಚಳ ಹಾಕಿಬಿಡುತ್ತದೆ. ಹೊಗೆ ಮೇಲೇರದೆ ರಸ್ತೆಯ ಮಟ್ಟದಲ್ಲೇ, ಮಕ್ಕಳು ಉಸಿರಾಡುವ ಎತ್ತರದಲ್ಲೇ, ನಿಲ್ಲುತ್ತದೆ. ಹಿಂದೆ ಇಲ್ಲಿನ ಕಾರ್ಬನ್ ಮೊನಾಕ್ಸೈಡ್ ಅಮೆರಿಕದ ರಾಷ್ಟ್ರೀಯ ಮಿತಿಯನ್ನು ಮತ್ತೆ ಮತ್ತೆ ದಾಟುತ್ತಿತ್ತು. ಆಗ ದೊಡ್ಡ ಪಾರ್ಕಿಂಗ್ ಜಾಗಗಳಲ್ಲಿ ಪ್ಲಗ್ ಕಂಬಗಳಿಗೆ ವಿದ್ಯುತ್ ಕೊಡಬೇಕೆಂಬ ನಿಯಮ ಬಂತು. ಹೊಸ ಕಾರುಗಳೂ ಸುಧಾರಿಸಿದವು. 2004ರಲ್ಲಿ ಊರು ಆ ಮಿತಿಯೊಳಗೆ ಬಂದಿದೆ ಎಂದು ಅಧಿಕೃತವಾಗಿ ಮಾನ್ಯವಾಯಿತು. ಸೌದೆ ಒಲೆಗಳ ಸೂಕ್ಷ್ಮ ಕಣಗಳ ಕಾಟ ಮಾತ್ರ ಇನ್ನೂ ತೀರಿಲ್ಲ. ಅದು ಬೇರೆಯೇ ಕಥೆ.

ರಾತ್ರಿಯಿಡೀ ಪ್ಲಗ್ ಹಾಕಿಡುವವರನ್ನು ಕಂಡರೆ ನನಗೆ ಸಂಕಟ. ಕೆಲವು ಗಂಟೆ ಕಾದ ಮೇಲೆ ಎಂಜಿನ್ ಪಡೆದಷ್ಟು ಶಾಖವನ್ನೂ ಹೊರಗಿನ ಚಳಿಗೆ ಬಿಟ್ಟುಕೊಡುತ್ತದೆ, ಅಲ್ಲಿಂದಾಚೆ ಉಷ್ಣತೆ ಏರುವುದಿಲ್ಲ. ಇಲ್ಲಿನ ವಿದ್ಯುತ್ತಿನಲ್ಲಿ ಒಂದು ಪಾಲು ಕಲ್ಲಿದ್ದಲಿನಿಂದ ಬರುವಂಥದ್ದು. ಅದಕ್ಕೇ ನಮ್ಮ ಮನೆಯಲ್ಲಿ ಟೈಮರ್ ಇದೆ: ಹೊರಡುವ ಎರಡು-ಮೂರು ಗಂಟೆ ಮುಂಚೆ ಹೀಟರ್ ತಾನೇ ಹತ್ತಿಕೊಳ್ಳುತ್ತದೆ. ಕಡುಚಳಿಯಿದ್ದರೆ ಇನ್ನೊಂದು ಗಂಟೆ ಸೇರಿಸುತ್ತೇವೆ.